ಏಳನೇ ಚೌಕದ ತೊಗಲು

ಒಂದು ಚಿಟಿಕೆ ಕುಂಕುಮ ಇಡೀ ಪೇಟೆಯೊಂದನ್ನು ನಾಲ್ಕು ಬೇಸಿಗೆ ತಂಪಾಗಿ ಇಟ್ಟಿತ್ತೆಂದರೆ ಹೊರಗಿನವರು ನಗುತ್ತಾರೆ. ಹೊಸಸಂಗಮದಲ್ಲಿ ಯಾರೂ ನಗುತ್ತಿರಲಿಲ್ಲ. ಏಳನೇ ಪೇಟೆಯವರು ಅದನ್ನು ದೇವಿಯ ಕೃಪೆ ಎನ್ನುತ್ತಿದ್ದರು. ಉಳಿದ ಆರು ಪೇಟೆಯವರು ಅದಕ್ಕೆ ಇಟ್ಟಿದ್ದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ಕುಂಕುಮ ಹಚ್ಚಿದವಳು ಮಾತ್ರ ತಂಪುಸ್ಥಾವರದಲ್ಲಿ ದುರಸ್ತಿ ಕೆಲಸ ನೋಡಿಕೊಳ್ಳುತ್ತಿದ್ದ ದಾನಮ್ಮ, ಮತ್ತು ಅವಳ ಮನೆ ಇದ್ದದ್ದು ಏಳನೇ ಪೇಟೆಯಲ್ಲೇ.

ಒಣ ಬಿಸಿಲನ್ನು ಆ ಸೀಮೆಯ ಜನ ತಲೆತಲಾಂತರದಿಂದ ತಡೆದುಕೊಂಡು ಬಂದವರು. ತಲೆಗೆ ರುಮಾಲು ಸುತ್ತಿ, ಮಜ್ಜಿಗೆ ಕುಡಿದು, ಬೇವಿನ ನೆರಳಿನಲ್ಲಿ ಕೂತರೆ ಮುಗಿಯುತ್ತಿತ್ತು. ಆದರೆ ಈಗಿನ ಬೇಸಿಗೆ ಆ ಬೇಸಿಗೆಯಲ್ಲ. ಸಮುದ್ರದ ಕಡೆಯಿಂದ ಬರುವ ಹಸಿಗಾಳಿ ಏಪ್ರಿಲಿನಲ್ಲೇ ಬಂದು ಊರ ಮೇಲೆ ಒದ್ದೆ ಕಂಬಳಿ ಹೊದಿಸಿದಂತೆ ಕೂತುಬಿಡುತ್ತಿತ್ತು. ಹಸಿಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಯದಿದ್ದರೆ ನೆರಳಿನಲ್ಲಿ ಸುಮ್ಮನೆ ಕೂತ ಗಟ್ಟಿಮುಟ್ಟಾದ ಮನುಷ್ಯನೂ ಕೆಲವು ತಾಸುಗಳಲ್ಲಿ ಒಳಗಿಂದಲೇ ಬೆಂದುಹೋಗುತ್ತಾನೆ.

ಅದಕ್ಕೇ ತಂಪುಸ್ಥಾವರ. ಅಲ್ಲಿ ತಣ್ಣಗಾದ ನೀರು ನೆಲದಡಿಯ ಕೊಳವೆಗಳಲ್ಲಿ ಏಳೂ ಪೇಟೆಗಳಿಗೆ ಹರಿದು, ಪ್ರತಿ ಮನೆಯ ಒಂದು ಗೋಡೆಯೊಳಗೆ ಸುತ್ತಿ ವಾಪಸು ಬರುತ್ತಿತ್ತು. ಹಗಲು ಊರಿನ ಕರೆಂಟೆಲ್ಲ ಸ್ಥಾವರಕ್ಕೇ ಮೀಸಲು. ಫ್ಯಾನಿಲ್ಲ, ಫ್ರಿಜ್ಜಿಲ್ಲ. ಜನ ಆ ಗೋಡೆಗೆ ಬೆನ್ನು ಆನಿಸಿಕೊಂಡು ಕೂತು ಸಂಜೆಯನ್ನು ಕಾಯುತ್ತಿದ್ದರು. ಮಕ್ಕಳು ಅಲ್ಲೇ ಕೂತು ಬರೆಯುತ್ತಿದ್ದವು, ಅತ್ತೆ ಸೊಸೆಯರು ಅಲ್ಲೇ ಕೂತು ಜಗಳವಾಡುತ್ತಿದ್ದರು, ಬೇರೆ ಕಡೆ ಹೋಗಿ ಸಿಟ್ಟು ಮಾಡುವಂತೆಯೂ ಇರಲಿಲ್ಲ.

ತೊಂದರೆ ಏನೆಂದರೆ, ಬಿಸಿಲು ಏರಿದ ದಿನ ಏಳಕ್ಕೂ ಸಾಲುವಷ್ಟು ತಂಪು ಸ್ಥಾವರದಲ್ಲಿ ಇರುತ್ತಿರಲಿಲ್ಲ. ಒಂದು ಪೇಟೆಯನ್ನು ಬಿಡಲೇಬೇಕು. ಬಿಡದಿದ್ದರೆ ಯಂತ್ರಗಳು ಉಸಿರುಗಟ್ಟಿ ನಿಂತು ಏಳೂ ಹೋಗುತ್ತವೆ. ಯಾವ ಪೇಟೆಯನ್ನು ಬಿಡಬೇಕೆಂದು ಯಂತ್ರ ತಾನೇ ತೀರ್ಮಾನಿಸಬಾರದು, ಮನುಷ್ಯನ ಬೆರಳೇ ಒತ್ತಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಹಾಗಾಗಿ ನಿಯಂತ್ರಣ ಕೋಣೆಯ ಗೋಡೆಯಲ್ಲಿ ಒಂದು ಟಚ್‌ಸ್ಕ್ರೀನ್ ಕಂಪ್ಯೂಟರು. ಹೊರಗಿನವರು ಕೈಯಾಡಿಸಬಾರದೆಂದು ಅದಕ್ಕೆ ಕೀಲಿಮಣೆಯೂ ಇಲ್ಲ, ಮೌಸೂ ಇಲ್ಲ, ವೈರು ಚುಚ್ಚಲು ತೂತೂ ಇಲ್ಲ. ಪರದೆಯ ಮೇಲೆ ಏಳು ಚೌಕ. ಒಂದನ್ನು ಮೂರು ಎಣಿಸುವವರೆಗೆ ಒತ್ತಿ ಹಿಡಿದರೆ ಆ ಪೇಟೆಯ ಕವಾಟ ಮುಚ್ಚುತ್ತದೆ. ಒಮ್ಮೆ ಮುಚ್ಚಿದ ಕವಾಟ ನಾಲ್ಕು ತಾಸು ತೆರೆಯುವುದಿಲ್ಲ. ಅಷ್ಟರೊಳಗೆ ತೆರೆದರೆ ಬಿಸಿಯಾದ ಕೊಳವೆಗೆ ತಣ್ಣೀರು ನುಗ್ಗಿ ಬೆಸುಗೆಗಳು ಸೀಳುತ್ತವೆ. ಪೇಟೆಗಳಿಗೆ ಪಾಳಿ ಹಾಕಿ ಒಂದೊಂದು ದಿನ ಒಂದೊಂದನ್ನು ಮುಚ್ಚುವುದು ಪದ್ಧತಿ.

ಪರದೆಯ ಮುಂದೆ ಒಂದು ಕಾಪಿನ ಹೊದಿಕೆ. ಬೆರಳಿನ ಒತ್ತನ್ನು ತಿಳಿಯುವುದು ಅದೇ. ತೆಳ್ಳನೆಯ ಎರಡು ಪದರ, ನಡುವೆ ಕೂದಲೆಳೆಯಷ್ಟು ಸಂದು. ಒತ್ತಿದಲ್ಲಿ ಎರಡೂ ಪದರ ಒಂದನ್ನೊಂದು ಮುಟ್ಟುತ್ತವೆ, ಬಿಟ್ಟರೆ ದೂರವಾಗುತ್ತವೆ. ಕೆಲಸದವರು ಅದನ್ನು ತೊಗಲು ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಯಂತ್ರಗಳಿಗೆಲ್ಲ ವಿಭೂತಿ, ಕುಂಕುಮ ಹಚ್ಚುವುದು ಎಲ್ಲೆಡೆಯೂ ಇದ್ದದ್ದೇ. ನಾಲ್ಕು ವರ್ಷದ ಹಿಂದೆ ದಾನಮ್ಮ ಈ ಕಂಪ್ಯೂಟರನ್ನೂ ಬಿಡಲಿಲ್ಲ. ಒಣ ಕುಂಕುಮ ಉದುರುತ್ತದೆಂದು ಒಂದು ಹನಿ ಎಣ್ಣೆಯಲ್ಲಿ ಕಲಸಿ ಬಲಗಡೆ ಕೆಳಮೂಲೆಗೆ ಹಚ್ಚಿದಳು. ಎಲ್ಲರೂ ಕೈ ಮುಗಿದರು, ಚುರುಮುರಿ ತಿಂದರು. ಎಣ್ಣೆ ಮಾತ್ರ ಸುಮ್ಮನಿರಲಿಲ್ಲ. ಅಂಚಿನ ರಬ್ಬರು ಪಟ್ಟಿಯಡಿ ನುಸುಳಿ ಪದರಗಳ ನಡುವೆ ಇಳಿದು ಆ ಮೂಲೆಯಲ್ಲಿ ಎರಡನ್ನೂ ಅಂಟಿಸಿಬಿಟ್ಟಿತು. ಯಾರೋ ಅಲ್ಲಿ ಬೆರಳಿಟ್ಟುಕೊಂಡೇ ನಿಂತಿದ್ದಾರೆ ಎಂದು ಕಂಪ್ಯೂಟರು ತಿಳಿದುಕೊಂಡಿತು. ಕೆಲವು ದಿನ ನೋಡಿತು. ಬೆರಳು ತೆಗೆಯುವ ಲಕ್ಷಣ ಕಾಣದ್ದರಿಂದ ಆ ಮೂಲೆಯನ್ನೇ ಲೆಕ್ಕದಿಂದ ಬಿಟ್ಟುಬಿಟ್ಟಿತು. ಆ ಮೂಲೆಯಲ್ಲಿದ್ದದ್ದು ಏಳನೇ ಚೌಕ.

ಅಲ್ಲಿಂದ ಏಳನೇ ಪೇಟೆ ಒಂದು ದಿನವೂ ಬಿಸಿಯಾಗಲಿಲ್ಲ. ಅದರ ಪಾಳಿಯ ದಿನ ಬೇರೊಂದು ಪೇಟೆ ಎರಡನೇ ಸಲ ಮುಚ್ಚಿಸಿಕೊಳ್ಳುತ್ತಿತ್ತು. ಹೊಸ ತೊಗಲು ಹೊರದೇಶದಿಂದ ಬರಬೇಕು. ಬರುತ್ತದೆ, ಬರುತ್ತದೆ ಎನ್ನುತ್ತ ನಾಲ್ಕು ಬೇಸಿಗೆ ಕಳೆದವು. ಏಳನೇ ಪೇಟೆಯ ಮನೆ ಬಾಡಿಗೆಗಳು ಮೂರು ಪಟ್ಟಾದವು. ಅಲ್ಲಿನವರು ಸ್ಥಾವರದ ಗೇಟಿಗೆ ಕಾಯಿ ಒಡೆಯತೊಡಗಿದರು. ಉಳಿದ ಪೇಟೆಗಳಲ್ಲಿ ಮುಚ್ಚುವ ದಿನಕ್ಕೆಂದೇ ಜನ ನೆಲಮಾಳಿಗೆ ತೋಡಿಕೊಂಡಿದ್ದರು, ಮುದುಕರನ್ನು ಬೆಳಿಗ್ಗೆಯೇ ಅಲ್ಲಿ ಇಳಿಸುವುದು ಕಲಿತಿದ್ದರು. ಏಳನೇ ಪೇಟೆಯಲ್ಲಿ ಒಬ್ಬರೂ ಒಂದು ಗುದ್ದಲಿ ಎತ್ತಿರಲಿಲ್ಲ.

ಆ ಮೇ ತಿಂಗಳಲ್ಲಿ ತೊಗಲು ಬಂತು.

"ದಾನಕ್ಕ, ನಾಳೆ ಮುಂಜಾನೆ ನನ್ನ ಪಾಳಿಯೊಳಗ ಹಾಕೋದು," ಎಂದ ಮೌಲಾಲಿ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು. ಹಗಲು ಪಾಳಿಯ ಮುಖ್ಯಸ್ಥ ಅವನು. ವಯಸ್ಸಿನಲ್ಲಿ ಅವಳಿಗಿಂತ ಸಣ್ಣವ, ಹುದ್ದೆಯಲ್ಲಿ ದೊಡ್ಡವ. "ಮ್ಯಾಲಿನವರ ಆರ್ಡರ್ ಆಗೇತಿ. ನಾಳೆ ಪಾಳಿ ಏಳನೇ ಪ್ಯಾಟಿದು."

"ಇನ್ನೊಂದ್ ತಿಂಗಳು ತಡದ್ರ ಮಳಿ ಬರತೈತಲ್ರಿ, ಸಾಹೇಬ್ರ."

ಮೌಲಾಲಿ ಪೆಟ್ಟಿಗೆಯ ಅಂಟುಪಟ್ಟಿ ಬಿಚ್ಚತೊಡಗಿದ. ಯಾಕೆ ತಡೆಯುವಂತಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಹೋದ ಬೇಸಿಗೆ ಏಳನೇ ಪೇಟೆಯ ಪಾಳಿಯ ದಿನ ಅದರ ಬದಲಿಗೆ ಮೂರನೇ ಪೇಟೆಯನ್ನು ಮುಚ್ಚಿದ್ದರು. ಒತ್ತಿದವನು ಮೌಲಾಲಿಯೇ. ಮೂರನೇ ಪೇಟೆಯಲ್ಲಿ ಅವನ ತಾಯಿ ಹುಸೇನಬಿ ಇದ್ದಳು. ನೆಲಮಾಳಿಗೆಯ ಮೆಟ್ಟಿಲು ಇಳಿಯಲಾರದೆ ಮೇಲೇ ಉಳಿದಳು, ಸಂಜೆಗೆ ಇರಲಿಲ್ಲ. ಮಣ್ಣು ಮಾಡಿ ಬಂದ ಮರುದಿನವೇ ಮೌಲಾಲಿ ಕೆಲಸಕ್ಕೆ ಬಂದ. ದಾನಮ್ಮನಿಗೆ ಒಂದು ಬಿರುಸು ಮಾತು ಆಡಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಗುರುಪಾದ ಮಾವಾರ ಸಲುವಾಗಿ ಅಲ್ಲಾ ನಿಂಗ ಹೆದರಿಕಿ?" ಎಂದ ಅವನು ಕೊನೆಗೆ. "ಈ ಕ್ವಾಣಿ ಎಂದೂ ಬಿಸಿ ಆಗೂದಿಲ್ಲ, ಕಂಪ್ಯೂಟರಿಗೆ ಬೇಕಲ್ಲ ತಂಪು. ಮುಂಜಾನೆ ಇಲ್ಲೇ ಕರಸು. ಹೊರಗಿನವರನ್ನ ಬಿಡಬಾರದು ಅಂತ ರೂಲ್ ಐತಿ. ನಂಗ ಕಣ್ಣು ಕಾಣೂದಿಲ್ಲ ಅಂತ ತಿಳಕೋ."

ದಾನಮ್ಮನ ಕಣ್ಣು ತುಂಬಿ ಬಂದವು. ತಾಯಿಯನ್ನು ಹಾಗೆ ಕಳೆದುಕೊಂಡವನು ಇಷ್ಟು ದಯೆ ತೋರಬೇಕೆಂದೇನೂ ಇರಲಿಲ್ಲ.

ಅವಳ ಗಂಡ ಗುರುಪಾದ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಮುಂದೆ ಕೆಲಸ ಮಾಡುತ್ತಿದ್ದವನು. ಒಂದು ದಿನ ಹಬೆ ಹೊಡೆದು ಎದೆ, ಬೆನ್ನು, ಎರಡೂ ತೋಳು ಸುಟ್ಟುಹೋದವು. ಆಸ್ಪತ್ರೆಯವರು ತೊಡೆಯ ಚರ್ಮ ತೆಗೆದು ಅಲ್ಲಲ್ಲಿ ಹಚ್ಚಿ ಜೀವ ಉಳಿಸಿದರು. ಹಚ್ಚಿದ ಚರ್ಮ ಹತ್ತಿಕೊಂಡಿತು, ಆದರೆ ಅದಕ್ಕೆ ಬೆವರು ಬರುವುದಿಲ್ಲ. ತೆಗೆದ ಜಾಗದಲ್ಲಿ ಬೆಳೆದದ್ದಕ್ಕೂ ಅಷ್ಟಕ್ಕಷ್ಟೆ. ಬೇರೆಯವರಿಗೆ ನಾಲ್ಕು ತಾಸು ಎಂದರೆ ಸಂಕಟ. ಅವನ ಜೀವ ಅದರ ಅರ್ಧಕ್ಕೇ, ಎರಡು ತಾಸಿಗೇ, ಮುಗಿಯುತ್ತದೆಂದು ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವನು ಮನೆಗೆ ಬಂದದ್ದು ಆ ಆಯುಧಪೂಜೆಯ ಮುಂದಿನ ತಿಂಗಳು. ಆಮೇಲೆ ದಾನಮ್ಮ ಆ ಮೂಲೆಯ ಕುಂಕುಮವನ್ನು ಒರೆಸುವ ಗೋಜಿಗೇ ಹೋಗಲಿಲ್ಲ.

ಅವಳು ಮನೆಗೆ ಬಂದಾಗ ಗುರುಪಾದ ಅಂಗಿಯಿಲ್ಲದೆ ತಂಪಿನ ಗೋಡೆಗೆ ಆನಿಕೊಂಡು ಶೇಂಗಾ ಸುಲಿಯುತ್ತಿದ್ದ. ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು.

"ಓಣ್ಯಾಗಿನವರೆಲ್ಲಾ ಬಂದು ಹೋದ್ರು," ಎಂದ. "ದಾನವ್ವಗ ಹೇಳು, ತೊಗಲು ಹಾಕೂಮುಂದ ಒಂದು ಹನಿ ಎಣ್ಣಿ ಬಿಡಂತ ಹೇಳು ಅಂದ್ರು. ಎಣ್ಣಿ ಬಾಟ್ಲಿನೂ ಕೊಟ್ಟು ಹೋಗ್ಯಾರ. ಚಲೋ ಎಣ್ಣಿ ಐತಿ, ನಾಳೆ ಬದನಿಕಾಯಿ ಪಲ್ಯಾ ಮಾಡು."

"ನಿಮಗ ನಗಿ ಬರತೈತೇನ್ರಿ?"

"ಅಳಾಕ ಹತ್ತಿದ್ರ ಬೆವರು ಬರತೈತೇನ?" ಅವನು ಒಂದು ಹಿಡಿ ಶೇಂಗಾಕಾಳು ಅವಳ ಕೈಗೆ ಹಾಕಿದ. "ನನ್ನ ತೊಗಲು ಬದಲಿ ಮಾಡಿದ್ರು, ಬೆವರೂದು ಬಿಟ್ಟಿತು. ನೀ ಆ ಕಂಪ್ಯೂಟರಿನ ತೊಗಲು ಬದಲಿ ಮಾಡು, ಹೇಳಿದ್ದು ಕೇಳೂದು ಕಲೀಲಿ. ಹುಸೇನಬಿ ಕೈಯಾಗಿಂದು ರಂಜಾನ್ ಹಬ್ಬದ ಸುರಕುಂಬಾ ಎಷ್ಟು ವರ್ಷ ಕುಡದೀವಿ ನಾವು. ಆಕಿ ಪಾಳಿ ಅಲ್ಲದ ದಿನಾ ಆಕಿ ಹೋದ್ಲು. ನನಗ ಗೊತ್ತಿಲ್ಲೇನ?"

ದಾನಮ್ಮ ಮೌಲಾಲಿ ಹೇಳಿದ್ದನ್ನು ಹೇಳಿದಳು. ರಾತ್ರಿ ಪಾಳಿಯ ಅಧಿಕಾರಿ ಯಾರನ್ನೂ ಒಳಗೆ ಬಿಡುವ ಪೈಕಿಯಲ್ಲ, ಆದ್ದರಿಂದ ಮೌಲಾಲಿಯ ಪಾಳಿ ಶುರುವಾದ ಕೂಡಲೇ ಗುರುಪಾದ ಅಲ್ಲಿರಬೇಕು. ಪಕ್ಕದ ಓಣಿಯ ಚಂದ್ರಾಮ ಆಟೋ ತರುತ್ತಾನೆ. ಬೆಳಗಿನ ಹೊತ್ತು, ಸ್ವಲ್ಪವೇ ದಾರಿ, ರಾತ್ರಿ ಫ್ರಿಜ್ಜಿನಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿಕೊಂಡರೆ ಅಷ್ಟು ಹೊತ್ತು ತಡೆಯುತ್ತದೆ.

"ಅಂದ್ರ ನಾನೂ ಕಂಪ್ಯೂಟರ್ ಜೋಡಿ ಕುಂಡ್ರೂದು," ಎಂದ ಗುರುಪಾದ. "ಬೇಷಾತು. ಯಾವುದಕ್ಕ ಹೆಚ್ಚಿಗಿ ತೊಗಲಿನ ಚಿಂತಿ ಐತಿ ನೋಡೋಣು."

ಆ ರಾತ್ರಿ ದಾನಮ್ಮನಿಗೆ ಚೆನ್ನಾಗಿ ನಿದ್ದೆ ಬಂತು. ಎಷ್ಟೋ ತಿಂಗಳ ಮೇಲೆ ಮನಸ್ಸಿಗೆ ಒಂದು ದಾರಿ ಕಂಡಿತ್ತು.

ಬೆಳಿಗ್ಗೆ ಸ್ಥಾವರದ ಬಸ್ಸಿನಲ್ಲಿ ಅವಳು ಗಂಡನಿಗಿಂತ ಮುಂಚೆ ಬಂದಳು. ತೊಗಲು ಬದಲಿಸುವಷ್ಟು ಹೊತ್ತು ಕಂಪ್ಯೂಟರನ್ನು ಆರಿಸಿರಬೇಕು, ಅಂದರೆ ಅಷ್ಟು ಹೊತ್ತು ಯಾವ ಪೇಟೆಯನ್ನೂ ಮುಚ್ಚುವಂತಿಲ್ಲ. ಬಿಸಿಲು ಏರುವುದರೊಳಗೆ ಮುಗಿಸುವುದು ಜಾಣತನ. ಗುರುಪಾದ ಇನ್ನೇನು ಬರುತ್ತಾನೆ ಎಂದುಕೊಂಡು ಅವಳು ಸ್ವಿಚ್ಚು ಆರಿಸಿದಳು.

ಅಂಚಿನ ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಿಗೆ ಹಾಕಿದಳು. ಬಿಸಿಗಾಳಿ ಊದಿ ಅಂಟನ್ನು ಮೆತ್ತಗೆ ಮಾಡಿ, ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿಯನ್ನು ಸಂದಿನಲ್ಲಿ ತೂರಿಸಿ, ಸುತ್ತ ಎಬ್ಬಿಸುತ್ತ ಬಂದಳು. ಹಳೆಯ ತೊಗಲು ಚರ್ರೆಂದು ಎದ್ದು ಬಂತು. ಬಲಗಡೆ ಮೂಲೆಯಲ್ಲಿ ಕುಂಕುಮ ಒಣಗಿ ಕಂದಾಗಿತ್ತು. ಹಿಂದಿನ ಪಟ್ಟಿ ವೈರನ್ನು ಕಳಚಿ ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಬರಿಯ ಗಾಜನ್ನು ಸ್ಪಿರಿಟ್ಟಿನಿಂದ ಒರೆಸುವಾಗ ಒಂದು ವಿಚಾರ ಬಂದದ್ದು ಸುಳ್ಳಲ್ಲ. ಒಂದು ಸ್ಕ್ರೂವನ್ನು ಅರ್ಧ ಸುತ್ತು ಹೆಚ್ಚು ಬಿಗಿದರೂ ಸಾಕಿತ್ತು, ಆ ಮೂಲೆ ಮತ್ತೆ ಅಂಟಿಕೊಳ್ಳುತ್ತಿತ್ತು. ಮೌಲಾಲಿ ಬೇಕೆಂದೇ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನು ನೋಡುತ್ತ ನಿಂತಿದ್ದರೆ ಅವಳು ಮಾಡಿಬಿಡುತ್ತಿದ್ದಳೋ ಏನೋ. ಹೊಸ ರಬ್ಬರು ಪಟ್ಟಿ ಕೂರಿಸಿ, ಹೊಸ ತೊಗಲನ್ನು ಒಂದು ಬದಿಯಿಂದ ಗಾಳಿ ಸಿಕ್ಕಿಕೊಳ್ಳದಂತೆ ಇಳಿಸುತ್ತ ಬಂದು, ಸ್ಕ್ರೂಗಳನ್ನು ಎದುರುಬದುರಾಗಿ ಹದವಾಗಿ ಬಿಗಿದಳು. ಮೂಲೆಯದನ್ನೂ ಹದವಾಗಿಯೇ.

ಅಷ್ಟರಲ್ಲಿ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು.

ಗೇಟಿನ ಕ್ಯಾಮೆರಾಕ್ಕೆ ಗೋಡೆಯ ಮೇಲೆ ಬೇರೆಯೇ ಪರದೆ ಇತ್ತು. ಏಳನೇ ಪೇಟೆಯವರು ರಸ್ತೆ ತುಂಬ ಕೂತುಬಿಟ್ಟಿದ್ದರು. ಕಾಯಿ, ಕುಂಬಳಕಾಯಿ, ದೇವಿಯ ಪಟ. ಹೆಂಗಸರು ಮಕ್ಕಳನ್ನೂ ಕರೆತಂದಿದ್ದರು. ಏಳನೇ ಪೇಟೆ ಹೊಳೆಯ ಕಡೆಯ ಕೊನೆಗಿದೆ, ಅಲ್ಲಿಂದ ಎಲ್ಲಿಗೆ ಹೋಗಬೇಕಾದರೂ ಸ್ಥಾವರದ ಈ ಗೇಟಿನ ಮುಂದೆಯೇ ಹಾಯಬೇಕು. ಜನರ ಹಿಂದೆ, ದೂರದಲ್ಲಿ, ಹಳದಿ ಟಾಪಿನ ಒಂದು ಆಟೋ ನಿಂತಿತ್ತು.

"ಚಂದ್ರಾಮಂದು," ಎಂದಳು ದಾನಮ್ಮ. "ಸಾಹೇಬ್ರ, ಅವರು ಅದರಾಗ ಅದಾರ್ರೀ."

ಮೌಲಾಲಿ ಗೇಟಿನವರಿಗೆ ಫೋನ್ ಹಚ್ಚಿ ಕೂಗಾಡಿದ. ಆಟೋದಲ್ಲಿ ದಾನಮ್ಮನ ಯಜಮಾನರಿದ್ದಾರೆ, ದಾರಿ ಬಿಡಿ ಎಂದು ಗೇಟಿನವರು ಮೈಕಿನಲ್ಲಿ ಹೇಳಿದರು. ಅದು ಕೆಲಸ ಕೆಡಿಸಿತು. ಯಜಮಾನ ಹೊರಗಿರುವತನಕ ದಾನಮ್ಮ ಚೌಕ ಒತ್ತಲಾರಳು ಎಂದು ಯಾರೋ ಎಣಿಸಿದರು. ಜನ ಇನ್ನಷ್ಟು ಒತ್ತಾಗಿ ಕೂತರು. ದಿನವೂ ಅವಳ ಮನೆಯ ಕಟ್ಟೆಗೆ ಕೂತು ಎಲೆ ಅಡಿಕೆ ಹಾಕುವ ಮಂದಿಯೇ ಅವರು, ಕೆಟ್ಟವರಲ್ಲ. ಅವರ ಮನೆಗಳಲ್ಲೂ ಮುದುಕರಿದ್ದರು.

ದಾನಮ್ಮ ಕಂಪ್ಯೂಟರನ್ನು ಚಾಲೂ ಮಾಡಿದಳು. ಹೊಸ ತೊಗಲಿಗೆ ಮೂಲೆಗಳ ಗುರುತು ಹಿಡಿಸಬೇಕು. ಪರದೆ ತೋರಿಸಿದ ಕಡೆ ಒಂದೊಂದೇ ಮೂಲೆ ಮುಟ್ಟುತ್ತ ಬಂದಳು. ಕೊನೆಗೆ ಬಲಗಡೆ ಕೆಳಮೂಲೆ. ಮುಟ್ಟಿದ ಕೂಡಲೇ ಟಿಂಗ್ ಎಂದಿತು. ಏಳೂ ಚೌಕಗಳು ಹಸಿರಾಗಿ ಮೂಡಿದವು, ಅವುಗಳ ಮೇಲೊಂದು ಕೆಂಪು ಪಟ್ಟಿ ಮಿನುಗುತ್ತಿತ್ತು. ಅವಳು ಕೆಲಸದಲ್ಲಿದ್ದ ಹೊತ್ತಿನಲ್ಲೇ ಬಿಸಿಲು ಏರಿಬಿಟ್ಟಿತ್ತು. ಕೆಳಗಿನ ಸಾಲಿನಲ್ಲಿ ಒಂದು ಯಂತ್ರ ಆಗಲೇ ಗೊರಗುಡುತ್ತಿತ್ತು. ಅದು ನಿಂತರೆ ಪಕ್ಕದ್ದರ ಮೇಲೆ ಹೊರೆ ಬಿದ್ದು, ಒಂದರ ಹಿಂದೆ ಒಂದು ಎಲ್ಲವೂ ನಿಲ್ಲುತ್ತವೆ.

ದುರಸ್ತಿ ಮಾಡಿದವರೇ ಮೊದಲು ಒತ್ತಿ ತೋರಿಸಬೇಕೆಂಬುದು ಸ್ಥಾವರದಲ್ಲಿ ಮೊದಲಿನಿಂದ ಬಂದ ಪದ್ಧತಿ. ಒಬ್ಬರ ಕೆಟ್ಟ ಕೆಲಸಕ್ಕೆ ಇನ್ನೊಬ್ಬರ ಬೆರಳು ಬಲಿಯಾಗಬಾರದೆಂದು ಯಾರೋ ಹಿರಿಯರು ಮಾಡಿದ್ದು. ಮೌಲಾಲಿ ಪದ್ಧತಿಯ ಮಾತು ಎತ್ತಲಿಲ್ಲ.

"ಅಕ್ಕಾ, ನಿಂಗ ಆಗೂದಿಲ್ಲಂದ್ರ ನಾ ಒತ್ತತೀನಿ," ಎಂದ. "ಒಮ್ಮಿ ಒತ್ತಿದ ಕೈ ಇದು."

ದಾನಮ್ಮ ಕ್ಯಾಮೆರಾದ ಪರದೆ ನೋಡಿದಳು. ಹಳದಿ ಟಾಪು ಅಲ್ಲೇ ಇತ್ತು. ಗುರುಪಾದ ಮನೆಯಲ್ಲಿಲ್ಲ, ಗೇಟಿನ ಹತ್ತಿರ ಇದ್ದಾನೆ. ಏಳನೇ ಪೇಟೆ ಮುಚ್ಚಿತೆಂದು ಗೊತ್ತಾದರೆ ಮಂದಿಗೆ ಅಲ್ಲಿ ಕೂತು ಫಲವಿಲ್ಲ, ಎದ್ದು ಮನೆಗೆ ಓಡುತ್ತಾರೆ, ದಾರಿ ತೆರೆಯುತ್ತದೆ. ಒತ್ತುವುದೇ ಅವನನ್ನು ಒಳಗೆ ತರುವ ದಾರಿ. ಹಾಗೆಂದು ಲೆಕ್ಕ ಹಾಕಿದಳು. ತಪ್ಪೇನೂ ಇರಲಿಲ್ಲ ಆ ಲೆಕ್ಕದಲ್ಲಿ.

"ಬ್ಯಾಡ ತಮ್ಮಾ, ನಿನ್ನ ಕೈ ಒಮ್ಮಿ ಸುಟ್ಟಿದ್ದು ಸಾಕು," ಎಂದು ಹೇಳಿ ಏಳನೇ ಚೌಕದ ಮೇಲೆ ಬೆರಳಿಟ್ಟಳು. ಒಂದು. ಎರಡು. ಮೂರು.

ಚೌಕ ಕೆಂಪಾಯಿತು. ಕೆಳಗೆ ಯಂತ್ರದ ಗೊರಗುಡುವಿಕೆ ನಿಂತು ಒಂದೇ ಸಮನಾದ ಸದ್ದಾಯಿತು. ಗೇಟಿನವರ ಮೈಕು ಏನೋ ಹೇಳಿತು. ಕ್ಯಾಮೆರಾದಲ್ಲಿ ಜನ ನಿಜವಾಗಿಯೂ ಏಳತೊಡಗಿದರು, ಮಕ್ಕಳನ್ನು ಬಗಲಿಗೆ ಎತ್ತಿಕೊಂಡು ಓಡತೊಡಗಿದರು. ದೇವಿಯ ಪಟ ರಸ್ತೆಯಲ್ಲೇ ಬಿದ್ದಿತ್ತು. ಓಡುವ ಮಂದಿ ಆಟೋವನ್ನು ಮರೆಮಾಡಿದರು, ದಾರಿ ತೆರವಾಗಲು ಕಾಲು ತಾಸು ಹಿಡಿಯಿತು. ದಾರಿಯ ಕೊನೆಯಲ್ಲಿ ಆಟೋ ಇರಲಿಲ್ಲ.

ಮೇಜಿನ ಮೇಲಿನ ಫೋನು ರಿಂಗಾಯಿತು. ಮೌಲಾಲಿ ಎತ್ತಿ, ಕೇಳಿ, ಅವಳ ಕಿವಿಗೆ ಹಿಡಿದ.

"ಅಕ್ಕಾರ, ನಾ ಚಂದ್ರಾಮ." ಅವನಿಗೆ ಏದುಸಿರು. "ಮಂದಿ ಬಿಡಲಿಲ್ರೀ. ಐಸ್ ಎಲ್ಲಾ ಕರಗಿತು, ಯಜಮಾನ್ರ ಕಣ್ಣು ಮ್ಯಾಲ ಆಗಾಕ ಹತ್ತಿದ್ವು. ನಂಗ ಬ್ಯಾರೆ ತಿಳೀಲಿಲ್ಲ. ಹೊಳ್ಳಿ ಮನಿಗೇ ತಂದೀನ್ರೀ. ಗ್ವಾಡಿಗಿ ಆನಿಸಿ ಕುಂಡ್ರಿಸೀನಿ. ಈಗ ಕಣ್ಣು ಬಿಟ್ಟಾರ, ಆರಾಮ ಅದಾರ, ಹೆದರಬ್ಯಾಡ್ರಿ."

"ಹೊಳ್ಳಿ ಕರಕೊಂಡು ಬಾ ಚಂದ್ರಾಮ, ಈಗ ದಾರಿ ಬಿಟ್ಟಾರ, ಈಗಿಂದೀಗ ಬಾ..."

"ಹೆಂಗ ಬರಲ್ರೀ? ಗೇಟಿನಿಂದ ಓಡಿ ಬಂದ ಮಂದಿ ಓಣಿ ತುಂಬ್ಯಾರ. ಸಿಟ್ಟಿಗೆ ಆಟೋ ಉರುಳಿಸಿ ಗಾಜು ಒಡದ್ರು. ಎತ್ತಿಕೊಂಡು ಬರೂಣಂದ್ರ ಬಿಸಲಾಗ ಈಗ ಎರಡು ಹೆಜ್ಜಿನೂ ಆಗೂದಿಲ್ರೀ ಅವರಿಗೆ."

ಆಮೇಲೆ ಗುರುಪಾದನ ದನಿ ಬಂತು, ಸಣ್ಣಗೆ.

"ದಾನವ್ವಾ, ಒತ್ತಿದೇನ?"

ಅವಳು ಮೌಲಾಲಿಯ ಕೈಯಿಂದ ಫೋನು ತೆಗೆದುಕೊಂಡಳು.

"ತೊಗಲು ಕೂತಿತಿಲ್ಲೋ ಬರೋಬ್ಬರಿ? ಅಷ್ಟ ಹೇಳು."

"ಕೂತೈತ್ರಿ."

"ಬೇಷಾತು. ಗ್ವಾಡಿ ಇನ್ನಾ ತಂಪೈತಿ ನೋಡು. ಬೆನ್ನಿಗೆ ಹಾಯ್ ಅನಸ್ತೈತಿ. ನೀ ಏನೂ ಚಿಂತಿ ಮಾಡಬ್ಯಾಡ."

ಕೆಂಪಾದ ಏಳನೇ ಚೌಕದೊಳಗೆ ಆ ಪೇಟೆಯ ಕೊಳವೆ ನೀರಿನ ಬಿಸಿಯನ್ನು ಸಣ್ಣ ಅಂಕಿಯಲ್ಲಿ ತೋರಿಸುತ್ತಿತ್ತು. ದಾನಮ್ಮ ನೋಡುತ್ತಿದ್ದಂತೆ ಅದು ಒಂದು ಏರಿತು. ನಾಲ್ಕು ತಾಸು ಕವಾಟ ತೆರೆಯದೆಂದು ಗೊತ್ತಿದ್ದರೂ ಅವಳು ಫೋನನ್ನು ಭುಜಕ್ಕೆ ಒತ್ತಿಕೊಂಡು ಮತ್ತೆ ಚೌಕದ ಮೇಲೆ ಬೆರಳಿಟ್ಟಳು. ಮೂರು ಎಣಿಸಿದಳು. ಆರು ಎಣಿಸಿದಳು. ಬೆರಳು ತೆಗೆಯಿರಿ ಎಂದು ಪರದೆ ಹೇಳಿತು. ಅವಳು ತೆಗೆಯಲಿಲ್ಲ. ಹಳೆಯ ತೊಗಲು, ಇಟ್ಟ ಬೆರಳನ್ನು ತೆಗೆಯದವರಿಗೆ ಸೋತು, ನಾಲ್ಕು ಬೇಸಿಗೆ ಆ ಮೂಲೆಯನ್ನು ಬಿಟ್ಟುಕೊಟ್ಟಿತ್ತು. ಇದು ಹೊಸದು, ಯಾರ ಪರಿಚಯವೂ ಇಲ್ಲದ್ದು. ಬೆರಳು ತೆಗೆಯಿರಿ ಎಂದು ಮತ್ತೆ ಮತ್ತೆ ಹೇಳುತ್ತಲೇ ಇತ್ತು.

"ಇನ್ನಾ ತಂಪೈತಿ," ಎಂದ ಗುರುಪಾದ ಫೋನಿನಲ್ಲಿ.

ಅಂಕಿ ಇನ್ನೊಂದು ಏರಿತು. ಮೌಲಾಲಿ ಒಂದು ಕುರ್ಚಿ ಎಳೆದು ತಂದು ಅವಳ ಹಿಂದೆ ಇಟ್ಟ. ಅವಳು ಕೂರಲಿಲ್ಲ. ಅವನೂ ಕೂರಲಿಲ್ಲ.